ನಾಲ್ಕು ಇಂಚು ಗಿಡ್ಡ

ಆ ಮನೆ ಒಂದು ಕಾಲಕ್ಕೆ ಕಮ್ಮಾರಸಾಲೆಯಾಗಿತ್ತು. ಕುದುರೆಯ ಲಾಳ, ಗಾಡಿಯ ಪಟ್ಟಿ, ಬಾಗಿಲ ಚಿಲಕ, ಎಲ್ಲವೂ ಅಲ್ಲಿ ಕೆಂಪಗೆ ಕಾದು ಹೊರಬಿದ್ದಿದ್ದವು. ಅಂಥ ಜಾಗದಲ್ಲಿ ಒಂದು ಸಂಸಾರ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಹಲ್ಲು ಕಟಕಟ ಎನ್ನಿಸುತ್ತ ಕೂರಬೇಕಾಗಿ ಬಂದದ್ದಕ್ಕೆ ಏನನ್ನುತ್ತೀರಿ. ಮೂವತ್ತು ವರ್ಷದ ಹಿಂದೆ ಆ ಸಂಸಾರದ ಹಿರಿಯರು, ಸೊಸೆಯ ಮಾವ, ಅದನ್ನು ಕೊಂಡು, ಕುಲುಮೆ ಕಿತ್ತುಹಾಕಿ, ಮಣ್ಣಿನ ನೆಲಕ್ಕೆ ಹಲಗೆ ಹೊಡೆದು, ಅಟ್ಟಕ್ಕೆ ಮೆಟ್ಟಿಲು ಕೂರಿಸಿ, ಗೋಡೆಯೊಳಗಿನ ಹೊಗೆಗೂಡಿನ ಬಾಯಿಗೆ ಇಟ್ಟಿಗೆ ಕಟ್ಟಿ, ಇನ್ನು ಮೇಲೆ ಇದು ಮನೆ ಎಂದಿದ್ದರು. ಅವರು ಬಡಗಿ. ಮರದಲ್ಲಿ ಮಾಡಬಹುದಾದದ್ದನ್ನೆಲ್ಲ ಮಾಡಿದ್ದರು. ಕಲ್ಲುಗೋಡೆಯ ತೇವಕ್ಕೆ ಮಾತ್ರ ಅವರ ಹತ್ತಿರ ಮದ್ದಿರಲಿಲ್ಲ.

ಹೋದ ಚಳಿಗಾಲದ ಕೊನೆಯಲ್ಲಿ ಮಾವ ತೀರಿಕೊಂಡರು. ಆಗ ಅತ್ತೆ ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿದ್ದರು, ಗಂಡನ ಮುಖವನ್ನು ಕೊನೆಗೊಮ್ಮೆ ನೋಡಲಿಕ್ಕೂ ಆಗಲಿಲ್ಲ. ವಾಸಿಯಾಗಿ ಮನೆಗೆ ಬಂದವರು ಅಳಲಿಲ್ಲ. "ಅವರ ಬೂಟು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು, ತೋರಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿ ಮಂಚದ ಕೆಳಗೆ ತಳ್ಳಿದರು, ಅಷ್ಟೇ. ಅಂದಿನಿಂದ ಆ ಮನೆಯಲ್ಲಿ ಯಾರೂ ಮಾವನ ಮಾತೆತ್ತಲಿಲ್ಲ. ಎತ್ತಬೇಡಿ ಎಂದು ಯಾರೂ ಹೇಳಿರಲಿಲ್ಲ, ತಾನಾಗಿ ನಿಂತುಹೋಯಿತು.

ಸೊಸೆಗೆ ಒಳಗೆಲ್ಲ ಜೋಮು ಹಿಡಿದ ಹಾಗಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ಕೆಲಸ. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುವ ಚಾದರಗಳನ್ನು ಇಡೀ ದಿನ ಮಡಚುತ್ತಿದ್ದಳು. ಮನೆಗೆ ಬಂದು ತಣ್ಣಗಿನ ತಟ್ಟೆಗಳನ್ನು ತೊಳೆಯುತ್ತಿದ್ದಳು. ಗಂಡ ಬಸ್ ಡ್ರೈವರು. ಅವನು ದಿನವಿಡೀ ಊರು ಸುತ್ತಿ ಬಂದು ಒಂದು ಮಾತೂ ಆಡದೆ ಉಂಡು ಮಲಗುತ್ತಿದ್ದ. ಹನ್ನೆರಡು ವರ್ಷದ ಮಗಳು ಕೂಡ ದೊಡ್ಡವರನ್ನು ನೋಡಿ ಬಾಯಿ ಕಟ್ಟಿಕೊಂಡಿದ್ದಳು. ಆ ಮನೆಯಲ್ಲಿ ಉಳಿದಿದ್ದ ಒಂದೇ ಸದ್ದೆಂದರೆ ಅತ್ತೆ ಸೊಸೆಯರ ಜಗಳ. ಹದಿನಾಲ್ಕು ವರ್ಷದಿಂದ ಅವರು ಉಪ್ಪಿಗೆ, ಕಿಟಕಿಗೆ, ಪಾತ್ರೆ ಒರೆಸುವ ಬಟ್ಟೆಗೆ ಜಗಳವಾಡಿಕೊಂಡು ಬಂದಿದ್ದರು. ಮಾವ ಹೋದ ಮೇಲೂ ಅದೊಂದು ನಿಲ್ಲಲಿಲ್ಲ.

ಎಲೆ ಉದುರುವ ಕಾಲಕ್ಕೆ ಒಂದು ಭಾನುವಾರ ನಾದಿನಿ ಊಟಕ್ಕೆ ಬಂದಳು. ಗಂಡನ ತಂಗಿ, ಶಾಲೆಯ ಹೆಡ್‌ಮಿಸ್ಸು, ಪಟ್ಟಣದ ಆ ತುದಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಳು. ಕೋಟು ಬಿಚ್ಚದೆಯೇ ಊಟಕ್ಕೆ ಕೂತು, ಗೋಡೆಗೆ ಅಂಗೈ ಒತ್ತಿ ನೋಡಿದಳು. ಕೈ ಒದ್ದೆಯಾಯಿತು.

"ಅಣ್ಣ, ಡಾಕ್ಟರು ಏನು ಹೇಳಿದ್ರು ನೆನಪಿದೆಯಾ? ಇನ್ನೊಂದು ಸಲ ಅಮ್ಮನಿಗೆ ಎದೆ ಕಟ್ಟಿದ್ರೆ ತಡೆಯಲ್ಲ ಅಂದ್ರು."

"ಹೀಟರ್ ಇದೆಯಲ್ಲ," ಎಂದ ಅಣ್ಣ.

"ಹಾಕಿದ ಹತ್ತು ನಿಮಿಷಕ್ಕೆ ಫ್ಯೂಸ್ ಹೋಗುತ್ತೆ. ಇಷ್ಟು ಹೇಳ್ತೀನಿ, ಬಕೆಟ್ಟಿನ ನೀರು ಹೆಪ್ಪುಗಟ್ಟೋದ್ರೊಳಗೆ ಈ ಮನೆ ಬೆಚ್ಚಗಾಗ್ಬೇಕು. ಇಲ್ಲಾಂದ್ರೆ ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ."

ಅತ್ತೆ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. ಅತ್ತೆ ಹೋಗಬಾರದು. ಕೆಲವು ತಿಂಗಳಿಂದ ಏನೂ ಅನ್ನಿಸದೆ ಇದ್ದವಳಿಗೆ ಅದೊಂದು ಮಾತ್ರ ಗಟ್ಟಿಯಾಗಿ ಅನ್ನಿಸಿತು. ತಾಯಿಯಿಲ್ಲದೆ ಬೆಳೆದವಳು ಅವಳು. ಅತ್ತೆ ಹೋದರೆ ಆ ಮನೆಯಲ್ಲಿ ತನ್ನನ್ನು ಬೈಯುವವರೂ ಇರುವುದಿಲ್ಲ ಎಂದು ಹೆದರಿಕೆಯಾಯಿತು.

"ಒಲೆ ಹಾಕಿಸೋಣ," ಎಂದಳು ಸೊಸೆ. "ಕಬ್ಬಿಣದ್ದು, ಕಟ್ಟಿಗೆ ಒಲೆ. ಹೊಗೆಗೂಡು ಹೇಗೂ ಗೋಡೆಯೊಳಗೇ ಇದೆ."

"ನಿಮ್ಮಿಷ್ಟ ಅತ್ತಿಗೆ. ಚಳಿ ಕಾಯಲ್ಲ," ಎಂದಳು ನಾದಿನಿ.

ಒಲೆ ಮಿಸ್ತ್ರಿ ಆ ವಾರವೇ ಬಂದ. ಮಾತಿಗಿಂತ ಗೊಣಗಾಟ ಹೆಚ್ಚಿನ ಮನುಷ್ಯ. ಗೋಡೆ ತಟ್ಟಿದ, ಮಾಡು ಹತ್ತಿ ಹೊಗೆಗೂಡಿನೊಳಗೆ ಟಾರ್ಚು ಬಿಟ್ಟ, ಇಳಿದು ಬಂದು ಮೂಗಿನ ಮಸಿ ಒರೆಸಿಕೊಂಡ.

"ಕಮ್ಮಾರರು ಕಟ್ಟಿಸಿದ್ದು, ಗೂಡು ಗಟ್ಟಿಯಾಗಿದೆ. ಒಲೆ ಕೆಳಗೆ ಕಲ್ಲು ಹಾಸ್ಬೇಕು, ಹಲಗೆ ಮೇಲೆ ಇಡೋ ಹಾಗಿಲ್ಲ. ಆಮೇಲೆ ಈ ಕಪಾಟು ಇರೋ ಹಾಗಿಲ್ಲ. ಮರ, ಒಲೆಗೆ ತೀರ ಹತ್ತಿರ."

ಆ ಕಪಾಟು ಮಾವ ಮಾಡಿದ್ದು. ಗೋಡೆಯಷ್ಟೇ ಹಳೆಯದೇನೋ ಎಂಬಂತೆ ಅಲ್ಲಿ ಕೂತಿತ್ತು.

"ಕಪಾಟು ತೆಗೆಯೋದಾದ್ರೆ ಒಲೆ ಬೇಡ," ಎಂದರು ಅತ್ತೆ.

"ಅತ್ತೆ, ಅದು ಸುಟ್ಟುಹೋಗುತ್ತೆ."

"ಸುಟ್ಟುಹೋಗೋ ಹಾಗೆ ಯಾಕೆ ಉರಿಸ್ತೀಯ? ಸಣ್ಣಗೆ ಉರಿಸು."

"ಸಣ್ಣಗೆ ಉರಿಸೋಕೆ ಒಲೆ ಯಾಕೆ, ಒಂದು ಮೇಣದಬತ್ತಿ ಹಚ್ಚಿಟ್ಕೊಂಡು ಕೂರೋಣ."

"ಕೂರು. ಮೇಣದಬತ್ತೀನಾದ್ರೂ ನೆಟ್ಟಗೆ ಹಚ್ಚೋಕೆ ಬರುತ್ತೇನೋ ನೋಡೋಣ."

ಮಿಸ್ತ್ರಿ ಇಬ್ಬರನ್ನೂ ನೋಡಿ ಟಾರ್ಚು ಜೇಬಿಗೆ ಹಾಕಿಕೊಂಡ. ಸಂಜೆ ಸೊಸೆ ಕೆಲಸದಿಂದ ಬಂದಾಗ ಕಪಾಟು ಗೋಡೆಯಿಂದ ಇಳಿದಿತ್ತು. ಅತ್ತೆಯೇ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ತಿರುಪು ಬಿಚ್ಚಿ, ಒಂದು ಲೋಟದಲ್ಲಿ ತುಂಬಿಟ್ಟಿದ್ದರು. "ಇಪ್ಪತ್ತೆರಡು ತಿರುಪು," ಎಂದರು. "ಒಂದೂ ತುಕ್ಕು ಹಿಡಿದಿರಲಿಲ್ಲ." ಸೊಸೆ ಏನೋ ಹೇಳಬೇಕೆಂದು ಬಾಯಿ ತೆರೆದು, "ಬೆರಳಿಗೆ ಪೆಟ್ಟಾಯ್ತಾ?" ಎಂದಷ್ಟೇ ಕೇಳಿದಳು.

ಒಲೆಯ ನೆತ್ತಿಯಿಂದ ಹೊಗೆಗೂಡಿನ ಬಾಯಿಗೆ ಹೋಗುವ ಪೈಪನ್ನು ಕಾರ್ಖಾನೆಯಲ್ಲಿ ಅಳತೆ ಕೊಟ್ಟು ಮಾಡಿಸಬೇಕಿತ್ತು. ಮಿಸ್ತ್ರಿ ಗೋಡೆಯ ಮೇಲೆ ಒಲೆಯ ಎತ್ತರಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, "ಇಟ್ಟಿಗೆ ಒಡೆದ ಮೇಲೆ ಗೂಡಿನ ಬಾಯಿ ಎಲ್ಲಿದೆ ಅಂತ ಗೊತ್ತಾಗೋದು. ಒಡೆದು, ಈ ಗೆರೆಯಿಂದ ಬಾಯಿಯವರೆಗೆ ಅಳೆದು ಇಟ್ಟಿರಿ, ಫೋನ್ ಮಾಡಿ ಕೇಳ್ತೀನಿ," ಎಂದು ಹೋಗಿದ್ದ.

ಮನೆಯಲ್ಲಿದ್ದದ್ದು ಮಾವನ ಟೇಪು. ಅದರ ಮೊದಲ ಎರಡು ಇಂಚು ಯಾವ ಕಾಲದಲ್ಲೋ ಮುರಿದುಹೋಗಿತ್ತು. ಮಾವ ಹೊಸದು ಕೊಳ್ಳಲಿಲ್ಲ. "ಎರಡು ಕಳೆದ್ರೆ ಆಯ್ತಪ್ಪ, ಅದಕ್ಕೇನಂತೆ," ಎನ್ನುತ್ತಿದ್ದರು. ಮೊಮ್ಮಗಳ ಎತ್ತರದಿಂದ ಹಿಡಿದು ಪರದೆಯ ಬಟ್ಟೆಯವರೆಗೆ ಆ ಮನೆಯಲ್ಲಿ ಎಲ್ಲವನ್ನೂ ಎರಡು ಕಳೆದೇ ಅಳೆದದ್ದು. ಯಾರಾದರೂ ಉಬ್ಬಿಸಿ ಮಾತಾಡಿದರೆ, "ಎರಡು ಕಳೆದು ಕೇಳ್ತಾ ಇದೀನಿ, ಮುಂದೆ ಹೇಳು," ಎಂದು ಮಾವ ನಗಿಸುತ್ತಿದ್ದರು.

ಗಂಡ ರಜೆಯ ದಿನ ಇಟ್ಟಿಗೆ ಒಡೆದ. ಮನೆಯೆಲ್ಲ ಹಳೆಯ ಮಸಿ. ಟೇಪು ಹಿಡಿದ, ಎಪ್ಪತ್ತು ಬಂತು. ಎರಡು ಕಳೆದು, ಹಳೆಯ ಲಕೋಟೆಯ ಬೆನ್ನಿಗೆ ಅರವತ್ತೆಂಟು ಎಂದು ಗೀಚಿ, ಅಡುಗೆಮನೆಯ ಗೂಟಕ್ಕೆ ಸಿಕ್ಕಿಸಿದ. ಮರುದಿನ ಬೆಳಗ್ಗೆ ಸೊಸೆ ಅದನ್ನು ನೋಡಿದಳು. ಈ ಮನುಷ್ಯನಿಗೆ ಉಪ್ಪು ಸಕ್ಕರೆ ವ್ಯತ್ಯಾಸ ತಿಳಿಯುವುದಿಲ್ಲ, ಎರಡು ಕಳೆಯುವುದು ನೆನಪಿರುತ್ತದೆಯೇ ಎಂದುಕೊಂಡಳು. ಕೇಳಬಹುದಿತ್ತು. ಕೇಳಬೇಕೆಂದರೆ ಟೇಪಿನ ಮಾತೆತ್ತಬೇಕು, ಟೇಪಿನ ಮಾತೆತ್ತಿದರೆ ಮಾವನ ಮಾತು ಬರುತ್ತದೆ. ಬೇಡವೆನಿಸಿತು. ಬಿಳಿ ಕಾಗದದ ಮೇಲೆ ಅಂದವಾಗಿ ಅರವತ್ತಾರು ಎಂದು ಬರೆದು ಫೋನಿನ ಪಕ್ಕ ಇಟ್ಟು ಕೆಲಸಕ್ಕೆ ಹೋದಳು. ಮಧ್ಯಾಹ್ನ ಮಿಸ್ತ್ರಿಯ ಫೋನು ಬಂದಾಗ ಮನೆಯಲ್ಲಿದ್ದವರು ಅತ್ತೆ. ಸೊಸೆಯ ಅಕ್ಷರ ನೋಡಿದರು. ಇವಳು ಟೇಪಿನಲ್ಲಿ ಬಂದದ್ದನ್ನೇ ಬರೆದಿಟ್ಟಿದ್ದಾಳೆ ಎಂದುಕೊಂಡರು.

"ಅರವತ್ನಾಲ್ಕು ಬರ್ಕೊಳ್ಳಪ್ಪ," ಎಂದರು.

ಮೂರು ವಾರಕ್ಕೆ ಒಲೆ ಬಂತು. ಕರಿ ಎಮ್ಮೆಕರುವಿನಷ್ಟಿದ್ದ ಅದನ್ನು ಮಿಸ್ತ್ರಿ, ಗಂಡ ಸೇರಿ ಹಗ್ಗ ಕಟ್ಟಿ ಒಳಗೆಳೆದು ಕಲ್ಲಿನ ಮೇಲೆ ಕೂರಿಸಿದರು. ಪೈಪನ್ನು ಎತ್ತಿ ಇಟ್ಟರೆ ಅದು ಗೂಡಿನ ಬಾಯಿಯನ್ನು ಮುಟ್ಟಲೇ ಇಲ್ಲ. ಮಿಸ್ತ್ರಿ ತನ್ನ ಟೇಪು ತೆಗೆದು ಅಳೆದ.

"ನಾಲ್ಕು ಇಂಚು ಗಿಡ್ಡ. ಅರವತ್ತೆಂಟು ಬೇಕಿತ್ತು, ಅಮ್ಮಾವ್ರು ಅರವತ್ನಾಲ್ಕು ಅಂದ್ರು."

"ಇವಳು ಬರೆದಿಟ್ಟಿದ್ದು ಅರವತ್ತಾರು. ನಾನು ಎರಡು ಕಳೆದೆ," ಎಂದರು ಅತ್ತೆ.

"ಇವರು ಬರೆದಿದ್ದು ಅರವತ್ತೆಂಟು. ನಾನೂ ಎರಡು ಕಳೆದೆ," ಎಂದಳು ಸೊಸೆ.

"ನಾನು ಕಳೆದೇ ಬರೆದಿದ್ದು," ಎಂದ ಗಂಡ.

ಮಿಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. "ಅಲ್ಲ, ಮನೆ ಮಂದಿಯೆಲ್ಲ ಸಾಲಾಗಿ ಎರಡೆರಡು ಯಾಕೆ ಕಳೀತೀರಿ?"

ದೊಡ್ಡವರು ಮೂವರೂ ನೆಲ ನೋಡಿದರು. ಮಗಳೇ ಹೇಳಿದಳು. "ತಾತನ ಟೇಪು. ಅದರಲ್ಲಿ ಎರಡು ಇಂಚು ಇಲ್ಲ."

ತಾತ ಎಂಬ ಮಾತು ಆ ಮನೆಯಲ್ಲಿ ಎಂಟು ತಿಂಗಳ ಮೇಲೆ ಕೇಳಿಸಿತ್ತು. ಅತ್ತೆಯ ಮೂಗಿನಿಂದ ಒಂದು ಸದ್ದು ಬಂತು, ಅವರು ನಗುತ್ತಿದ್ದರು. ಸೊಸೆಗೂ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಕ್ಕರು. ಗಂಡ ಮಾತ್ರ ಹೊರಗೆ ಹೋಗಿ ಸುಮ್ಮನೆ ಕಟ್ಟಿಗೆ ಜೋಡಿಸತೊಡಗಿದ. ಅವನ ಬೆನ್ನು ನೋಡಿ ಇಬ್ಬರ ನಗುವೂ ನಿಂತಿತು. "ಚಹಾ ಇಡ್ತೀನಿ," ಎಂದು ಅತ್ತೆ ಒಳಗೆ ಹೋದರು.

"ಒಂದು ತುಂಡು ಸೇರಿಸೋಕಾಗಲ್ವಾ?" ಎಂದು ಕೇಳಿದಳು ಸೊಸೆ.

"ಅಷ್ಟು ಸಣ್ಣ ತುಂಡು ಭದ್ರವಾಗಿ ಕೂರಲ್ಲಮ್ಮ, ನಾನು ಹಾಕಲ್ಲ. ಹೊಗೆ ಸೋರಿದ್ರೆ ಕೆಲವು ಸಲ ವಾಸನೇನೂ ಬರಲ್ಲ, ಮಲಗಿದವರು ಏಳಲ್ಲ. ಹೊಸದು ಬರಲಿ. ಮೂರು ವಾರ."

ಚಳಿ ಮೂರು ವಾರ ಕಾಯಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಹಿತ್ತಲಿನ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಗಾಜಿನ ಹಾಗೆ ಮಂಜುಗಡ್ಡೆ ಕಟ್ಟಿತ್ತು. ಹತ್ತು ಗಂಟೆಗೆ ನಾದಿನಿಯ ಕಾರು ಬಾಗಿಲಿಗೆ ಬಂತು. ಉರಿಯದ ಒಲೆಯನ್ನು, ಗೋಡೆಗೆ ಒರಗಿಸಿಟ್ಟ ಗಿಡ್ಡ ಪೈಪನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮ, ಹೊರಡು."

ಅತ್ತೆಯ ಬ್ಯಾಗು ಮೊದಲೇ ಸಿದ್ಧವಾಗಿತ್ತು. ಬಾಗಿಲಲ್ಲಿ ನಿಂತು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದರು. ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಮತ್ತೆ ಕಟ್ಟಿದರು. ಮಗನ ಕಡೆ ನೋಡಿದರು.

"ಪೈಪು ಬಂದ ತಕ್ಷಣ ಕರ್ಕೊಂಡು ಬರ್ತೀನಮ್ಮ," ಎಂದ ಮಗ.

ಸೊಸೆಯ ಕಡೆ ನೋಡಿದರು.

"ಮಾತ್ರೆ ಇಟ್ಕೊಂಡ್ರಾ ಅತ್ತೆ?"

"ಇಟ್ಕೊಂಡೆ."

"ಕನ್ನಡಕ?"

"ಇದೆ. ಇನ್ನೇನಾದ್ರೂ?"

"ಏನಿಲ್ಲ," ಎಂದಳು ಸೊಸೆ. ಕಾರು ತಿರುಗಿ ಹೋದ ಮೇಲೆ ಬಾಗಿಲು ಹಾಕಿ, ಪಾತ್ರೆ ತೊಳೆಯಲು ನಿಂತಳು.

ಆಮೇಲಿನ ದಿನಗಳನ್ನು ವರ್ಣಿಸುವಂಥದ್ದೇನೂ ಇಲ್ಲ. ಸೊಸೆ ಏಳುತ್ತಿದ್ದಳು, ಬ್ರೆಡ್ಡು ಕೊಯ್ಯುತ್ತಿದ್ದಳು, ಚಾದರ ಮಡಚುತ್ತಿದ್ದಳು, ಬಂದು ಬೇಯಿಸುತ್ತಿದ್ದಳು. ಒಂದು ದಿನ ಸೂಪಿಗೆ ಎರಡು ಸಲ ಉಪ್ಪು ಬಿತ್ತು. ಗಂಡ ಮಾತಿಲ್ಲದೆ ಕುಡಿದ. ಮಗಳು ನೀರು ಬೆರೆಸಿಕೊಂಡು ಕುಡಿದಳು.

"ಉಪ್ಪಾಗಿದೆ ಅಂತ ಹೇಳೋಕೆ ನಿಮಗೆ ಬಾಯಿಲ್ವಾ?" ಎಂದಳು ಸೊಸೆ.

"ಪರವಾಗಿಲ್ಲ ಬಿಡು," ಎಂದ ಗಂಡ.

ಅವಳಿಗೆ ತಟ್ಟೆ ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ಬಡಿಯಲಿಲ್ಲ, ಬಡಿಯುವಷ್ಟು ಸಿಟ್ಟೂ ಬರಲಿಲ್ಲ.

ಹೊಸ ಪೈಪು ಬಂತು. ಈ ಸಲ ಮಿಸ್ತ್ರಿಯೇ ತನ್ನ ಟೇಪಿನಲ್ಲಿ ಅಳೆದು ತರಿಸಿದ್ದ. ಕೂರಿಸಿ, ಸುತ್ತ ಸಂದಿಗೆ ಬೆಂಕಿಗೆ ಸುಡದ ಹಗ್ಗ ತುರುಕಿ ಗಾರೆ ಮೆತ್ತಿ, ಒಂದು ಕಾಗದ ಹೊತ್ತಿಸಿ ಹೊಗೆ ಸರಿಯಾಗಿ ಮೇಲೆ ಹೋಗುವುದನ್ನು ತೋರಿಸಿದ. "ಮೂರು ದಿನ ಸಣ್ಣ ಉರಿ. ಹೊಸ ಬಣ್ಣ ಕಾಯೋವರೆಗೆ ನಾತ ಬರುತ್ತೆ, ಕಿಟಕಿ ತೆಗೆದಿಡಿ. ಆಮೇಲೆ ಎಷ್ಟು ಬೇಕಾದ್ರೂ ಉರಿಸಿ," ಎಂದ. ಮೊದಮೊದಲು ಗೋಡೆಗಳು ಬೆವೆತು ನೀರು ಸುರಿಸಿದವು. ವಾರ ಕಳೆಯುವಷ್ಟರಲ್ಲಿ ಬಾಗಿಲ ಪಕ್ಕದ ಗೋಡೆಯಿಂದ ಬೂಷ್ಟಿನ ಕಲೆ ಒಣಗಿ ಉದುರಿತು. ಮಗಳು ನೆಲದ ಮೇಲೆ ಅಂಗಾತ ಬಿದ್ದುಕೊಂಡು ಪಾಠ ಓದಿದಳು. ಗಂಡ ಬನಿಯನ್ನಿನಲ್ಲಿ ಓಡಾಡಿದ. ಡಾಕ್ಟರು ಕೇಳಿದ್ದು, ನಾದಿನಿ ಕೇಳಿದ್ದು, ಎಲ್ಲ ಆಯಿತು.

"ನನಗೆ ರಜೆ ಸಿಗಲ್ಲ. ನೀನೇ ಹೋಗಿ ಕರ್ಕೊಂಡು ಬಾ," ಎಂದ ಗಂಡ.

ಸೊಸೆ ಅರ್ಧ ದಿನ ರಜೆ ಹಾಕಿ ಹೋದಳು. ಮೂರು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂತು. ಬಾಗಿಲು ತೆಗೆದವರು ಅತ್ತೆ. ತೆಳುವಾದ ಬಟ್ಟೆಯಲ್ಲಿದ್ದರು, ಕೆನ್ನೆಯಲ್ಲಿ ಬಣ್ಣ ಬಂದಿತ್ತು. ನಾದಿನಿ ಶಾಲೆಗೆ ಹೋಗಿದ್ದಳು. ಅತ್ತೆ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದರು. ಸೊಸೆಯೂ ಕೂತು ಒಂದು ಹಿಡಿ ಎಳೆದುಕೊಂಡಳು.

"ಅತ್ತೆ, ಮನೆ ಈಗ ಬೆಚ್ಚಗಿದೆ."

"ಹೌದಂತೆ. ಫೋನಲ್ಲಿ ಹೇಳ್ದ."

"ಗೋಡೆ ಪೂರ್ತಿ ಒಣಗಿದೆ. ನಿಮ್ಮ ಮಂಚ ಒಲೆ ಕಡೆಗೆ ಸರಿಸಿದೀವಿ."

"ಒಳ್ಳೇದಾಯ್ತು. ಹುಡುಗಿಗೆ ಓದೋಕೆ ಅನುಕೂಲ."

"ಹುಡುಗಿಗಲ್ಲ. ನಿಮಗೆ ಅಂತ ಹಾಕಿಸಿದ್ದು."

"ಇಲ್ಲೂ ಬೆಚ್ಚಗಿದೆಯಲ್ಲ," ಎಂದರು ಅತ್ತೆ. "ಅಲ್ಲೂ ಬೆಚ್ಚಗೆ, ಇಲ್ಲೂ ಬೆಚ್ಚಗೆ. ಮತ್ತೆ ನಾನು ಯಾಕೆ ಇಷ್ಟು ಮೆಟ್ಟಿಲು ಇಳೀಬೇಕು?"

ಸೊಸೆ ಸಿಪ್ಪೆಯನ್ನು ಬಟ್ಟಲಿಗೆ, ಕಾಳನ್ನು ಕಸಕ್ಕೆ ಹಾಕಿದಳು. ಅತ್ತೆ ಕಾಳು ಆರಿಸಿಕೊಂಡರು.

"ನೀವಿಲ್ದೆ ನನಗೆ ಆಗ್ತಿಲ್ಲ ಅತ್ತೆ," ಎಂದಳು ಸೊಸೆ. ಹದಿನಾಲ್ಕು ವರ್ಷದಲ್ಲಿ ಅಂಥ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಉಪ್ಪು ಜಾಸ್ತಿಯಾದ್ರೂ ಯಾರೂ ಮಾತಾಡಲ್ಲ. ನಾನು ಸತ್ತು ಬಿದ್ರೂ ಪರವಾಗಿಲ್ಲ ಬಿಡು ಅಂತಾರೇನೋ. ನೀವು ಬೇಕು ನನಗೆ. ಬನ್ನಿ."

ಅತ್ತೆ ಕೈ ಒರೆಸಿಕೊಂಡರು.

"ಅವತ್ತು ನಾನು ಬಾಗಿಲಲ್ಲಿ ಎಷ್ಟು ಹೊತ್ತು ನಿಂತೆ ಗೊತ್ತಾ? ಗುಂಡಿ ಹಾಕೋಕೆ ಅಷ್ಟು ಹೊತ್ತು ಬೇಕಾ? ನೀನು ಮಾತ್ರೆ ಕೇಳ್ದೆ, ಕನ್ನಡಕ ಕೇಳ್ದೆ. ಅವನು ಪೈಪು ಅಂದ. ಇರಿ ಅಂತ ಒಂದು ಮಾತು ಅಂದಿದ್ರೆ ಎರಡು ಕಂಬಳಿ ಜಾಸ್ತಿ ಹೊದ್ಕೊಂಡು ಇದ್ದುಬಿಡ್ತಿದ್ದೆ."

"ಡಾಕ್ಟರು..."

"ಡಾಕ್ಟರು ಹೇಳ್ತಾರಮ್ಮ, ಅದು ಅವರ ಕೆಲಸ." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಸೊಸೆಗೆ ಹೆಚ್ಚು ಕಷ್ಟವಾಯಿತು. "ನಾನು ಇಲ್ಲಿಗೆ ಬಂದ ದಿನ ಇವಳು ನನ್ನ ಹಾಸಿಗೆ ಮೇಲೆ ಕೂತ್ಕೊಂಡು ಅಪ್ಪನ್ನ ನೆನೆಸ್ಕೊಂಡು ಅತ್ಲು. ಅಷ್ಟು ದೊಡ್ಡ ಹೆಡ್‌ಮಿಸ್ಸು, ಸಣ್ಣ ಮಗು ಹಾಗೆ. ನಾನೂ ಅತ್ತುಬಿಟ್ಟೆ. ಅಮ್ಮ ಇಲ್ಲೇ ಇದ್ಬಿಡು, ನನಗೆ ಒಬ್ಬಳಿಗೆ ಆಗ್ತಿಲ್ಲ ಅಂದ್ಲು. ಇರ್ತೀನಿ ಅಂದೆ."

ಸೊಸೆ ಕೈಯಲ್ಲಿದ್ದ ಬಟಾಣಿಕಾಯಿ ಬಿಡಿಸಿದಳು.

"ಅವಳು ಇರು ಅಂದ್ಲು," ಎಂದರು ಅತ್ತೆ. "ನೀವು ಒಲೆ ತಂದ್ರಿ."

"ಈಗ ಹೇಳ್ತಾ ಇದೀನಲ್ಲ ಅತ್ತೆ."

"ಕೇಳಿಸ್ಕೊಂಡೆ ಕಣಮ್ಮ. ಆದ್ರೆ ಅವಳಿಗೆ ಮಾತು ಕೊಟ್ಟಾಗಿದೆ. ಈಗ ಒಲೆ ಬಂತು ಅಂತ ಅವಳನ್ನ ಬಿಟ್ಟು ಬರ್ಲಾ?" ಅತ್ತೆ ಸುಲಿದ ಬಟಾಣಿಯಲ್ಲಿ ಅರ್ಧ ಒಂದು ಡಬ್ಬಿಗೆ ಹಾಕಿ ಅವಳ ಮುಂದಿಟ್ಟರು. "ಭಾನುವಾರ ಊಟಕ್ಕೆ ಇಬ್ಬರೂ ಬರ್ತೀವಿ."

ಬಸ್ಸಿನಲ್ಲಿ ಸೊಸೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮನೆ ಮುಟ್ಟುವಾಗ ಸಂಜೆಯಾಗಿತ್ತು. ಗಂಡ ಒಲೆಯ ಮುಂದೆ ಮಂಡಿಯೂರಿ ಕಟ್ಟಿಗೆ ತುಂಬುತ್ತಿದ್ದ. ಅವಳ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದ.

"ಅಮ್ಮ ಎಲ್ಲಿ?"

"ಬರಲ್ಲಂತೆ. ಅಲ್ಲೇ ಇರ್ತಾರಂತೆ."

"ಮನೆ ಬೆಚ್ಚಗಾಗಿದೆ ಅಂತ ಹೇಳಿದ್ಯಾ?"

"ಹೇಳ್ದೆ," ಎಂದಳು ಸೊಸೆ. "ಮೊದಲು ಅದನ್ನೇ ಹೇಳ್ಬಿಟ್ಟೆ ಕಣ್ರೀ."

ಹಾಗೆನ್ನುತ್ತಲೇ ಅವಳಿಗೆ ಅಳು ಬಂತು. ಮಾವ ಹೋದಾಗ ಬಾರದಿದ್ದ ಅಳು ಅದು, ಕೋಟು ಬಿಚ್ಚುವುದಕ್ಕೂ ಬಿಡಲಿಲ್ಲ. ಗಂಡ ಕೈಯಲ್ಲಿದ್ದ ಕಟ್ಟಿಗೆಯನ್ನು ಕೆಳಗಿಟ್ಟು ಎದ್ದ, ಅವಳ ಎದುರಿಗೆ ಬಂದು ನಿಂತ.